ಜೂನ್ ಒಂದರಂದು ಹುಟ್ಟಿದವರು

ಗೋರೆಗಾಂವ್‌ನ ಆ ಆಫೀಸಿನಲ್ಲಿ ಶೈಲಾ ಕೋಟ್ಯಾಳಳಿಗೆ ಹೆದರದವರು ಒಬ್ಬಿಬ್ಬರು ಇದ್ದರೂ ಇರಬಹುದು. ಅವಳು ಬರೆದಿಟ್ಟ ಪರೀಕ್ಷೆಗಳಿಗೆ ಹೆದರದವರು ಮಾತ್ರ ಯಾರೂ ಇರಲಿಲ್ಲ. ಹದಿನಾಲ್ಕು ಜನರ ಸಣ್ಣ ಕಂಪನಿ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ಅವರ ಕಸುಬು. ರೋಗಿ ಬಂದು ಹೆಸರು ಹೇಳಿದರೆ ಅವನ ಹಳೆಯ ಫೈಲು ಹುಡುಕಿ ತೆಗೆಯಬೇಕು, ಹಿಂದೆ ಏನು ಕಾಯಿಲೆ ಬಂದಿತ್ತು, ಯಾವ ಔಷಧ ಕೊಟ್ಟರು ಎಂದು ಡಾಕ್ಟರಿಗೆ ತೋರಿಸಬೇಕು. ಕೇಳಲು ಸಪ್ಪೆ ಕೆಲಸ. ಆದರೆ ಇದರಲ್ಲಿ ತಪ್ಪಿದರೆ ಮನುಷ್ಯರು ಸಾಯುತ್ತಾರೆ ಎಂದು ಶೈಲಾ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದಳು. ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲಿ ಸವೆದೂ ಹೋಗಿತ್ತು.

ಪ್ರೋಗ್ರಾಂ ಅನ್ನುವುದು ಬರೆದ ಕೂಡಲೇ ಓಡುವುದಿಲ್ಲ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಕಂಪೈಲ್ ಮಾಡಬೇಕು. ಬಹಳ ಕಡೆ ಮೊದಲು ಕಂಪೈಲ್ ಮಾಡುತ್ತಾರೆ, ಆಮೇಲೆ ಪುರುಸೊತ್ತು ಸಿಕ್ಕರೆ ಪರೀಕ್ಷೆ ಮಾಡುತ್ತಾರೆ. ಪುರುಸೊತ್ತು ಯಾರಿಗೆ ಸಿಕ್ಕಿದೆ? ಶೈಲಾಳ ದಾರಿ ಬೇರೆ. ಅವಳು ಪರೀಕ್ಷೆಯನ್ನು ಪ್ರೋಗ್ರಾಮಿನ ಒಳಗೇ ಬರೆದು, ಕಂಪೈಲ್ ಆಗುವಾಗಲೇ ಅದು ನಡೆಯುವಂತೆ ಮಾಡಿದ್ದಳು. ಇಂಥ ಮಾಹಿತಿ ಕೊಟ್ಟರೆ ಇಂಥ ಉತ್ತರ ಬರಬೇಕು. ಬರದಿದ್ದರೆ ಪರದೆಯ ಮೇಲೆ ಕೆಂಪು ಸಾಲು ಬಿದ್ದು ಕೆಲಸ ಅಲ್ಲಿಗೇ ನಿಲ್ಲಬೇಕು. ಕಾಳಿನಲ್ಲಿ ಒಂದು ಹರಳಿದ್ದರೂ ತಿರುಗಲು ಒಪ್ಪದ ಗಿರಣಿಯ ಹಾಗೆ. ತಪ್ಪು ಪ್ರೋಗ್ರಾಂ ಆಸ್ಪತ್ರೆಗೆ ಹೋಗುವ ಮಾತು ಹಾಗಿರಲಿ, ಅದು ಹುಟ್ಟುವುದೇ ಇಲ್ಲ. ಇಂಥ ಪರೀಕ್ಷೆಗಳು ಮುನ್ನೂರಕ್ಕೂ ಹೆಚ್ಚಿದ್ದವು. ಅವುಗಳಲ್ಲಿ ಹದಿನೇಳನೆಯದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅದರಲ್ಲಿ ಶೈಲಾಳ ಅಪ್ಪನ ಹೆಸರಿತ್ತು.

ಅದಕ್ಕೊಂದು ಕಥೆಯಿದೆ. ಎಂಟು ವರ್ಷದ ಹಿಂದೆ ಅಪ್ಪ ನಿಂಗಣ್ಣ ಇನ್ನೂ ವಡಾಲದ ಚಾಳಿನಲ್ಲಿ ಒಬ್ಬನೇ ಇದ್ದ. ಬಂದರಿನಲ್ಲಿ ಕ್ರೇನ್ ಕೆಲಸ ಮಾಡಿ ರಿಟೈರಾದವನು, ದಹಿಸರ್‌ಗೆ ಮಗಳ ಮನೆಗೆ ಬಾ ಎಂದರೆ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಮೊಣಕಾಲು ನೋವೆಂದು ಶೈಲಾ ಅವನನ್ನು ಹತ್ತಿರದ ಧರ್ಮಾರ್ಥ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಆಗಷ್ಟೇ ಅವಳ ಕಂಪನಿಯ ಸಾಫ್ಟ್‌ವೇರ್ ಕೂತಿತ್ತು. ಕೌಂಟರಿನ ಗುಮಾಸ್ತ ಪರದೆ ತಿರುಗಿಸಿ, ನಿಮ್ಮದೇ ಸಾಫ್ಟ್‌ವೇರ್ ಅಲ್ಲವೇ ಮ್ಯಾಡಂ, ನೋಡಿ ಇದರ ಚಂದ, ಒಬ್ಬ ಮನುಷ್ಯನಿಗೆ ಎರಡು ಫೈಲು, ಎಂದು ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಅಂದ. ನಿಂಗಣ್ಣ ಕೋಟ್ಯಾಳ, ಹುಟ್ಟಿದ್ದು ಒಂದು ಜೂನ್ ಸಾವಿರದ ಒಂಬೈನೂರಾ ಐವತ್ತೆರಡು. ಎರಡೂ ಕಡೆ ಅದೇ. ಫೋನ್ ನಂಬರ್ ಮಾತ್ರ ಬೇರೆ. ಎರಡನೆಯ ಫೈಲಿನಲ್ಲಿ ಹಿಂದಿನ ವಾರದ ಒಂದು ಇಸಿಜಿ ಇತ್ತು. ಹೃದಯದ ರಕ್ತನಾಳ ಕಟ್ಟಿದಂತಿದೆ, ತಕ್ಷಣ ಭರ್ತಿ ಮಾಡಿ ಎಂದು ಡಾಕ್ಟರು ಬರೆದಿದ್ದರು.

ಶೈಲಾ ಆ ಸಾಲನ್ನು ಎರಡು ಸಲ ಓದಿದಳು. ಅಪ್ಪ ಎದೆನೋವು ಬಂದು ಒಬ್ಬನೇ ತೋರಿಸಿಕೊಂಡು ಹೋಗಿದ್ದಾನೆ, ಭರ್ತಿಯಾಗು ಅಂದದ್ದನ್ನು ಮಗಳಿಂದ ಮುಚ್ಚಿಟ್ಟಿದ್ದಾನೆ ಎಂದುಕೊಂಡಳು. ಮುಚ್ಚಿಡುವುದರಲ್ಲಿ ಅವನು ನಿಸ್ಸೀಮ. ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಾಗದದಲ್ಲೇನಿದೆ ಎಂದು ಅವನಿಗೆ ಹೇಳದೆ, ಎರಡೂ ಫೈಲು ಅಲ್ಲೇ ಒಂದು ಮಾಡಿಸಿ, ಹೃದಯದ ಡಾಕ್ಟರ ಮುಂದೆ ಕೂಡಿಸಿದಳು. ಹೊಸ ಇಸಿಜಿ ತೆಗೆದರು, ರಕ್ತ ನೋಡಿದರು, ಇನ್ನೂ ಏನೇನೋ ನೋಡಿದರು. ಹೃದಯ ಗಟ್ಟಿಮುಟ್ಟಾಗಿತ್ತು. ಹೋದ ಸಲ ಮಷೀನು ತಪ್ಪು ತೋರಿಸಿರಬೇಕು ಎಂದರು ಡಾಕ್ಟರು. ಶೈಲಾ ಆ ಖುಷಿಗೆ ಧಾರವಾಡ ಪೇಡೆ ತರಿಸಿ ಆಫೀಸಿಗೆಲ್ಲ ಹಂಚಿದಳು.

ಆದರೂ ಅವಳ ಭಯ ಹೋಗಲಿಲ್ಲ. ಆ ಕಾಗದ ನಿಜವಾಗಿದ್ದರೆ? ಇನ್ನೊಂದು ಫೈಲಿನಲ್ಲಿ ಅದು ಸುಮ್ಮನೆ ಕೂತಿರುತ್ತಿತ್ತು, ಅಪ್ಪ ಈ ಫೈಲು ಹಿಡಿದು ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಮನೆಗೆ ಹೋಗುತ್ತಿದ್ದ. ಮರುದಿನವೇ ಅವಳು ಹದಿನೇಳನೆಯ ಪರೀಕ್ಷೆ ಬರೆದಳು. ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಒಂದೇ ಇದ್ದರೆ, ಫೋನ್ ನಂಬರ್ ಬೇರೆಯಿದ್ದರೂ, ಆ ಇಬ್ಬರು ಒಬ್ಬರೇ. ಉದಾಹರಣೆಗೆ ಅಪ್ಪನದೇ ಹೆಸರು, ಅಪ್ಪನದೇ ತಾರೀಖು ಹಾಕಿದಳು. ಇದಕ್ಕೆ ಒಪ್ಪದ ಪ್ರೋಗ್ರಾಂ ಇನ್ನು ಮುಂದೆ ಹುಟ್ಟಬಾರದು. ಅಪ್ಪನ ಸುತ್ತ ಒಂದು ಗೋಡೆ ಕಟ್ಟಿದಷ್ಟು ಸಮಾಧಾನವಾಗಿತ್ತು ಅವಳಿಗೆ.

ಎಂಟು ವರ್ಷ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ದಹಿಸರ್ ಲೋಕಲ್‌ನಲ್ಲಿ ನುಗ್ಗಾಡಿ ಬಂದು ಇನ್ನೂ ನೀರು ಕುಡಿದಿರಲಿಲ್ಲ, ಕಂಪನಿಯ ಮಾಲೀಕ ಶಿವಪುತ್ರ ಒಳಗೆ ಕರೆದರು. ಬೆಳಗಾವಿ ಕಡೆಯ ಮನುಷ್ಯ, ಸಾಮಾನ್ಯವಾಗಿ ಬೆಳಿಗ್ಗೆ ಒಂದು ಚೇಷ್ಟೆ ಮಾಡದೆ ಮಾತು ಶುರು ಮಾಡುವವರಲ್ಲ. ಅವತ್ತು ಮುಖ ಸುಣ್ಣ ಬಳಿದಂತಿತ್ತು.

"ಕುಂಡ್ರು ಶೈಲಾ. ವಡಾಲದ ಆಸ್ಪತ್ರಿಯಿಂದ ಫೋನ್ ಬಂದಿತ್ತು. ನಿನ್ನೆ ಒಬ್ಬ ಪೇಶಂಟ್‌ಗೆ ಇಂಜೆಕ್ಷನ್ ಕೊಟ್ಟಾರ, ಐದು ನಿಮಿಷದಾಗ ಉಸಿರು ನಿಂತಂಗ ಆಗೇತಿ. ಈಗ ಐಸಿಯುದಾಗ ಅದಾನ. ಉಳೀತಾನೋ ಇಲ್ಲೋ ಹೇಳಾಕ ಬರಂಗಿಲ್ಲ ಅಂತಾರ."

"ಅಯ್ಯೋ. ಟೆಸ್ಟ್ ಡೋಸ್ ಕೊಟ್ಟು ನೋಡಲಿಲ್ಲೇನ್ರಿ ಸರ್?"

"ಅದss ಮಾತು. ಆ ಇಂಜೆಕ್ಷನ್ ಅಂವಗ ಹೋದ ವರ್ಷ ಮೂರು ಸಲ ಕೊಟ್ಟೈತಿ, ಏನೂ ಆಗಿಲ್ಲ ಅಂತ ಫೈಲಿನ್ಯಾಗ ಇತ್ತಂತ. ಅದನ್ನ ನೋಡಿ ನೇರ ಕೊಟ್ಟುಬಿಟ್ಟಾರ. ಈಗ ಆ ಮನಿಯವರು, ನಾವು ಹೋದ ವರ್ಷ ಈ ಆಸ್ಪತ್ರಿ ಮೆಟ್ಟಲss ಹತ್ತಿಲ್ಲ ಅಂತಾರ. ಬ್ಯಾರೆಯವನ ಫೈಲು ಇವನ ಹೆಸರಿಗೆ ಕೂಡೇತಿ ಅಂತ ಆಸ್ಪತ್ರಿಯವರು ಹೇಳಾಕತ್ತಾರ."

ಶೈಲಾ ತಟ್ಟನೆ ತಲೆಯಾಡಿಸಿದಳು. "ಆಗಂಗಿಲ್ಲ ಸರ್. ನಮ್ಮ ಪ್ರೋಗ್ರಾಮ್‌ನಾಗ ಅಂಥಾ ತಪ್ಪಿದ್ದರ ಅದು ಕಂಪೈಲss ಆಗಂಗಿಲ್ಲ. ಅವರss ಯಾರೋ ತಪ್ಪು ಒತ್ತಿರಬೇಕು."

ಆ ಮಾತನ್ನು ಅವಳು ಎಷ್ಟು ಖಡಾಖಂಡಿತವಾಗಿ ಹೇಳಿದಳೆಂದರೆ ಶಿವಪುತ್ರರ ಮುಖಕ್ಕೆ ಒಂದು ಕ್ಷಣ ಬಣ್ಣ ಬಂತು. ರೋಗಿಯ ಹೆಸರು ಬರೆದ ಚೀಟಿಯನ್ನು ಅವಳ ಕೈಗೆ ಕೊಟ್ಟರು. ಗದಿಗೆಪ್ಪ ಬಿರಾದಾರ, ಒಂದು ಜೂನ್ ಸಾವಿರದ ಒಂಬೈನೂರಾ ಎಂಬತ್ತಾರು. ಶೈಲಾ ಆ ತಾರೀಖನ್ನು ಓದಿದಳು. ಏನೂ ಅನ್ನಿಸಲಿಲ್ಲ. ಓದುವುದಕ್ಕೂ ನೋಡುವುದಕ್ಕೂ ಎಷ್ಟು ದೂರ ಎಂದು ಆಮೇಲೆ ಅವಳು ತನ್ನನ್ನೇ ಬಹಳ ಬೈದುಕೊಂಡಳು.

ಅವಳ ಕುರ್ಚಿಯ ಹತ್ತಿರ ಅಮೋಲ್ ನಿಂತಿದ್ದ. ಇಪ್ಪತ್ತೆಂಟರ ಪ್ರೋಗ್ರಾಮರ್, ದಹಿಸರ್‌ನಲ್ಲೇ ಹುಟ್ಟಿದವನು. ಮನೆಮಾತು ಕನ್ನಡವೇ ಆದರೂ ನಾಲಿಗೆಯ ಮೇಲೆ ಅದು ಎಡವಿ ಎಡವಿ ಬರುತ್ತಿತ್ತು. ಅವನಿಗೆ ಸುದ್ದಿ ಆಗಲೇ ತಲುಪಿತ್ತು.

"ಮ್ಯಾಡಂ, ನಾನು... ಮೈನೇ ಇದನ್ನು ದೋ ಸಲ ಸರಿ ಮಾಡಿದ್ದೆ," ಅಂದ.

"ಯಾವುದನ್ನ?"

ಅವನು ತನ್ನ ಲ್ಯಾಪ್‌ಟಾಪ್ ಅವಳ ಮೇಜಿನ ಮೇಲಿಟ್ಟ. ಪ್ರೋಗ್ರಾಮಿನಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಎಂಬುದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಹೋದ ಜುಲೈಯಲ್ಲಿ ಒಂದು ಬದಲಾವಣೆ: ಫೋನ್ ನಂಬರ್ ಬೇರೆಯಿದ್ದರೆ ಇಬ್ಬರನ್ನೂ ಬೇರೆ ಬೇರೆಯೇ ಇಡು. ಒಬ್ಬನ ಎಕ್ಸ್‌ರೇ ಇನ್ನೊಬ್ಬನ ಫೈಲಿಗೆ ಹೋಗಿದೆ ಎಂದು ಅದೇ ಆಸ್ಪತ್ರೆಯಿಂದ ಆಗ ದೂರು ಬಂದಿತ್ತು. ಅಮೋಲ್ ಸರಿ ಮಾಡಿದ್ದ, ಕಂಪೈಲ್ ಒತ್ತಿದ್ದ, ಹದಿನೇಳನೆಯ ಪರೀಕ್ಷೆ ಫೇಲಾಗಿ ಕೆಂಪು ಸಾಲು ಬಂದಿತ್ತು. ಫೆಬ್ರವರಿಯಲ್ಲಿ ಮತ್ತೆ ಬೇರೆ ರೀತಿ ಪ್ರಯತ್ನಿಸಿದ್ದ. ಮತ್ತೆ ಕೆಂಪು. ಅದರ ಕೆಳಗೆ ಅವನೇ ಟಿಪ್ಪಣಿ ಬರೆದಿದ್ದ: ಟೆಸ್ಟ್ ಹೇಳುವುದೇ ಸರಿ ಇರಬೇಕು, ನನ್ನ ತಿಳಿವಳಿಕೆ ತಪ್ಪು, ವಾಪಸ್ ತೆಗೆದಿದ್ದೇನೆ.

"ನನ್ನ ಹತ್ತರ ಯಾಕ ಬರಲಿಲ್ಲ?"

ಅಮೋಲ್ ನೆಲ ನೋಡಿದ. "ಬಂದಿದ್ದೆ ಮ್ಯಾಡಂ. ನೀವು ಬೋಲೇ, ಪಹಿಲೆ ಟೆಸ್ಟ್ ಓದಿ ಬಾ. ಓದಿದೆ. ಅದರಲ್ಲಿ ನಿಮ್ಮ ಪಪ್ಪಾ ನಾಮ ಇತ್ತು. ಫಿರ್ ಹೇಗೆ ಬದಲ್ ಮಾಡಲಿ?"

ಅವಳಿಗೆ ನೆನಪಾಯಿತು. ತಲೆ ಎತ್ತಿಯೂ ನೋಡದೆ ಹೇಳಿದ್ದಳು, ಟೆಸ್ಟ್ ಓದಿ ಬಾ ಎಂದು. ಹಾಗೆ ಹೇಳುವುದು ಅವಳಿಗೆ ಒಂದು ಹೆಮ್ಮೆಯಾಗಿತ್ತು. ತಪ್ಪು ಹುಟ್ಟದಿರಲಿ ಎಂದು ತಾನು ಬಾಗಿಲಿಗೆ ಕಾವಲು ನಿಲ್ಲಿಸಿದ್ದರೆ, ಆ ಕಾವಲು ಸರಿಯಾದದ್ದನ್ನು ಎರಡು ಸಲ ಹೊಡೆದು ಓಡಿಸಿ ತಪ್ಪನ್ನು ಒಳಗೆ ಮಡಿಲಲ್ಲಿಟ್ಟುಕೊಂಡು ಸಾಕಿತ್ತು. ಶೈಲಾ ಕೂತಲ್ಲೇ ಮೇಜಿನ ಅಂಚು ಹಿಡಿದುಕೊಂಡಳು. ಅಮೋಲ್ ನೀರಿನ ಬಾಟಲಿ ಮುಂದೆ ಮಾಡಿದ.

ಆಸ್ಪತ್ರೆಯವರಿಗೆ ಫೋನ್ ಮಾಡಿ, ಫೈಲು ಕೂಡಿಸುವುದನ್ನು ಈ ಕ್ಷಣದಿಂದ ನಿಲ್ಲಿಸಿ, ಹೊಸದನ್ನು ಸಂಜೆಯೊಳಗೆ ಕಳಿಸುತ್ತೇವೆ, ಅಲ್ಲಿಯವರೆಗೆ ಹಳೆಯ ಫೈಲು ಯಾವುದನ್ನೂ ನಂಬಬೇಡಿ ಎಂದು ಶಿವಪುತ್ರರಿಂದ ಹೇಳಿಸಿದಳು. ಆಮೇಲೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹಾರ್ಬರ್ ಲೈನಿನ ಲೋಕಲ್ ಹಿಡಿದಳು. ವಕೀಲರನ್ನು ಕೇಳಿ ಹೋಗು ಎಂದು ಶಿವಪುತ್ರ ಹಿಂದಿನಿಂದ ಕರೆದದ್ದು ಕೇಳಿಸಿದರೂ ಕೇಳಿಸದವಳಂತೆ ಮೆಟ್ಟಿಲಿಳಿದಿದ್ದಳು. ಗಾಡಿ ಮಾಹಿಮ್ ದಾಟಿದ್ದು ಯಾವಾಗ, ಕಿಂಗ್ಸ್ ಸರ್ಕಲ್ ಬಂದದ್ದು ಯಾವಾಗ, ಒಂದೂ ತಿಳಿಯಲಿಲ್ಲ. ಗದಿಗೆಪ್ಪ ಬಿರಾದಾರ ಅನ್ನುವವನು ಬದುಕಲಿ ಎಂದು ಮಾತ್ರ ಬೇಡಿಕೊಳ್ಳುತ್ತಿದ್ದಳು. ವಡಾಲದಲ್ಲಿ ಇಳಿಯುವಾಗ ಪಕ್ಕದ ಹೆಂಗಸು ಮುಟ್ಟಿ, ಅಕ್ಕಾ, ಚೀಲ ಸೀಟಿನ ಮೇಲೆ ಬಿಟ್ಟಿದ್ದೀರಿ ಎಂದು ಮರಾಠಿಯಲ್ಲಿ ಕೂಗಿದಳು.

ಐಸಿಯು ಹೊರಗಿನ ಬೆಂಚಿನಲ್ಲಿ ಜಾಗವಿದ್ದರೂ ದಾನವ್ವ ನೆಲದ ಮೇಲೆ ಕೂತಿದ್ದಳು. ಗದಿಗೆಪ್ಪನ ಹೆಂಡತಿ. ಮೂವತ್ತೈದರ ಆಸುಪಾಸಿನ ಹೆಣ್ಣು, ಇಳಕಲ್ ಸೀರೆಯ ಸೆರಗು ಬಿಗಿಯಾಗಿ ಹೊದ್ದು, ಗಂಡನ ಚಪ್ಪಲಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಹೊಸ ಬಿಲ್ಡಿಂಗಿನ ಕೆಲಸದಲ್ಲಿ ಕಬ್ಬಿಣದ ಸರಳು ಅವನ ಪಾದಕ್ಕೆ ಹೊಕ್ಕು, ಕೀವಾಗಿ, ಜ್ವರ ಬಂದು ಇಲ್ಲಿಗೆ ಕರೆತಂದಿದ್ದಳು. ಶೈಲಾ ಅವಳ ಪಕ್ಕ ನೆಲದ ಮೇಲೇ ಕೂತಳು. ಕನ್ನಡ ಕೇಳಿದ್ದೇ ತಡ ದಾನವ್ವನ ಕಟ್ಟೆ ಒಡೆಯಿತು.

"ನಾ ಹೇಳಿದ್ನಿರೀ ಅಕ್ಕಾರ. ಇವರಿಗೆ ಆ ಸೂಜಿ ಆಗಿಬರಂಗಿಲ್ಲ, ಹಿಂದಕ್ಕ ಊರ ಕಡೆ ಕೊಟ್ಟಾಗ ಮೈಯೆಲ್ಲಾ ದದ್ದು ಎದ್ದು ಉಸಿರು ಹಿಡಕೊಂಡಿತ್ತು ಅಂತ ಕೈಮುಗದು ಹೇಳಿದ್ನಿ. ಆ ಸಿಸ್ಟರ್ ಬಾಯಿ ಕಂಪ್ಯೂಟರ್ ನೋಡಿದ್ಲು. ಇಲ್ಲೇ ಮೂರು ಸಲ ಕೊಟ್ಟೈತಿ, ನಿನಗೇನ ಗೊತ್ತಾಗತೈತಿ, ಸುಮ್ಮಕ ಕುಂಡ್ರು ಅಂತ ಹಿಂದಿಯಾಗ ಅಂದ್ಲು. ಅಷ್ಟ ದೊಡ್ಡ ಕಂಪ್ಯೂಟರ್ ಹೇಳಿದ ಮ್ಯಾಲೆ ನಾ ಏನ ಹೇಳ್ಲಿ?"

"ಹೋದ ವರ್ಷ ನೀವು ಇಲ್ಲಿಗೆ ಬಂದಿರಲಿಲ್ಲೇನವ್ವಾ?"

"ಹೋದ ವರ್ಷ ನಾವು ಬೊಂಬಾಯಿ ಕಂಡss ಇಲ್ಲ. ಬಂದಂವ ನಮ್ಮ ಮೈದುನ, ಸಣ್ ಗದಿಗೆಪ್ಪ. ಕೈಗೆ ಪೆಟ್ಟಾಗಿ ಇಲ್ಲೇ ತೋರಿಸಿದ್ದ. ಇವರು ದೊಡ್ಡ ಗದಿಗೆಪ್ಪ."

"ಇಬ್ಬರ ಹೆಸರೂ ಒಂದss?"

"ಅಜ್ಜನ ಹೆಸರಲ್ರೀ. ಇವರ ಅಪ್ಪ, ಅವರ ಅಪ್ಪ ಅಣ್ಣತಮ್ಮರು. ಇಬ್ಬರೂ ತಮ್ಮ ಹಿರೇ ಮಗಗ ಅಜ್ಜನ ಹೆಸರು ಇಟ್ಟಾರ. ಮನ್ಯಾಗ ದೊಡ್ಡಾಂವ, ಸಣ್ಣಾಂವ ಅಂತ ಕರೀತೀವಿ. ಕಾಗದದಾಗ ಇಬ್ಬರೂ ಗದಿಗೆಪ್ಪ ಬಿರಾದಾರss."

ಶೈಲಾಳಿಗೆ ಮುಂದಿನ ಪ್ರಶ್ನೆ ಕೇಳಲು ಭಯವಾಯಿತು. ಆದರೂ ಕೇಳಿದಳು. "ಹುಟ್ಟಿದ ತಾರೀಖು?"

"ಅದನ್ನ ಯಾರ ಬರದಿಟ್ಟಾರ್ರೀ? ಇಬ್ಬರನೂ ಒಂದ ದಿನ ಸಾಲಿಗೆ ಹಚ್ಚಿದ್ರಂತ. ಮಾಸ್ತರ ಇಬ್ಬರಿಗೂ ಒಂದ ವರ್ಷ, ಜೂನ್ ಒಂದು ಅಂತ ಬರಕೊಂಡ್ರಂತ. ಖರೇ ನೋಡಿದ್ರ ಸಣ್ಣಾಂವ ಎರಡು ವರ್ಷಕ್ಕ ಸಣ್ಣಾಂವ. ನಮ್ಮೂರಾಗ ಸಾಲಿಗೆ ಹೋದ ಗಂಡಸರೆಲ್ಲಾ ಜೂನ್ ಒಂದಕ್ಕss ಹುಟ್ಟ್ಯಾರ."

ಶೈಲಾ ಕಣ್ಣು ಮುಚ್ಚಿದಳು. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಪ್ರತಿ ವರ್ಷ ಜೂನ್ ಒಂದಕ್ಕೆ ಅವಳು ಅಪ್ಪನಿಗೆ ಕೇಕು ತರುತ್ತಿದ್ದಳು. ಪ್ರತಿ ವರ್ಷ ಅಪ್ಪ ಕೇಕಿನ ಮುಂದೆ ಕೂತು ಅದೇ ಚೇಷ್ಟೆ ಮಾಡುತ್ತಿದ್ದ: ನಮ್ಮ ಕ್ಲಾಸಿನ್ಯಾಗ ಹದಿನೇಳು ಮಂದಿ ಒಂದ ದಿನ ಹುಟ್ಟೀವಿ, ಸೂಲಗಿತ್ತಿಗೆ ಎಷ್ಟ ತ್ರಾಸ ಆಗಿರಬೇಕು ನೋಡು. ಮನೆಮಂದಿಯೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮರುದಿನ ಆಫೀಸಿಗೆ ಬಂದು ಕೂತರೆ ಆ ತಾರೀಖೇ ಮನುಷ್ಯನ ಗುರುತಾಗುತ್ತಿತ್ತು. ಮುಂಬೈಯ ಬೇರೆ ಯಾರೇ ಈ ತಪ್ಪು ಮಾಡಿದ್ದರೂ ಪಾಪ, ಅವರಿಗೇನು ಗೊತ್ತು ಎನ್ನಬಹುದಿತ್ತು.

"ದಾನವ್ವಾ, ಅದನ್ನ ಬರದಾಕಿ ನಾನು," ಎಂದಳು.

"ಏನ ಬರದ್ರಿ? ಸೂಜಿ?"

"ಸೂಜಿ ಅಲ್ಲವಾ. ಹೆಸರು, ತಾರೀಖು ಒಂದ ಇದ್ದರ ಇಬ್ಬರನೂ ಒಬ್ಬ ಅಂತ ತಿಳಕೋ ಅಂತ ಆ ಕಂಪ್ಯೂಟರಿಗೆ ಕಲಿಸಿದಾಕಿ. ಬ್ಯಾರೆ ಯಾರರ ಅದನ್ನ ಸರಿ ಮಾಡಾಕ ಹೋದರೂ ಆಗದಂಗ ಮಾಡಿಟ್ಟಾಕಿ."

ದಾನವ್ವ ಬೈಯುತ್ತಾಳೆ, ಸೆರಗು ಹಿಡಿದು ಎಳೆಯುತ್ತಾಳೆ ಎಂದು ಶೈಲಾ ಕಾದಳು. ಹಾಗೆ ಮಾಡಿದ್ದರೆ ಚೆನ್ನಾಗಿತ್ತು. ದಾನವ್ವ ಅವಳ ಮುಖ ನೋಡಿದಳು.

"ನೀವು ನಮ್ಮ ಕಡಿಯವರss ಅದೀರಿ," ಎಂದಳು. "ನಿಮಗೂ ಗೊತ್ತಿರಲಿಲ್ಲೇನ್ರೀ?"

ಶೈಲಾ ಎದ್ದು ಹೋಗಿ ಕಾರಿಡಾರಿನ ತುದಿಯ ಬೆಂಚಿನ ಮೇಲೆ ಕೂತಳು. ಅಳು ಬರುತ್ತಿರಲಿಲ್ಲ, ಅಳು ಬರುವುದಕ್ಕೂ ಮೈಯಲ್ಲಿ ಸ್ವಲ್ಪ ಬಿಸಿ ಬೇಕೇನೋ. ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮಾಡಬೇಕಾದ ಕೆಲಸವನ್ನು ಮೊದಲು ಮಾಡೋಣ ಎಂದು, ಮುನ್ನೂರು ಪರೀಕ್ಷೆಗಳ ಕೊನೆಗೆ ಒಂದು ಹೊಸ ಪರೀಕ್ಷೆ ಬರೆದಳು. ಗದಿಗೆಪ್ಪ ಬಿರಾದಾರ, ಗದಿಗೆಪ್ಪ ಬಿರಾದಾರ. ಒಂದೇ ತಾರೀಖು, ಫೋನ್ ನಂಬರ್ ಬೇರೆ. ಉತ್ತರ: ಇಬ್ಬರು. ಕಂಪೈಲ್ ಒತ್ತಿದಳು. ನಿರೀಕ್ಷೆಯಂತೆ ಕೆಂಪು ಬಂತು. ಪ್ರೋಗ್ರಾಮನ್ನು ಅಮೋಲ್ ತಿದ್ದಿದಂತೆಯೇ ತಿದ್ದಿ ಮತ್ತೆ ಒತ್ತಿದಳು. ಈಗ ಹೊಸದು ಪಾಸಾಗಿ ಹದಿನೇಳು ಕೆಂಪಾಯಿತು.

ಅಮೋಲ್‌ಗೆ ಫೋನ್ ಮಾಡಿದಾಗ ಅವನೂ ಅದನ್ನೇ ಹೇಳಿದ. "ಮ್ಯಾಡಂ, ದೋನೋ ಒಟ್ಟಿಗೆ ಪಾಸ್ ಆಗೋದಿಲ್ಲ. ಹೆಸರು ಒಂದೇ, ಡೇಟ್ ಒಂದೇ, ಫೋನ್ ಬೇರೆ. ಒಂದು ಟೆಸ್ಟ್ ಒಬ್ಬ ಬೋಲ್ತಾ ಹೈ, ಇನ್ನೊಂದು ಇಬ್ಬರು. ಫರಕ್ ಏನಿಲ್ಲ."

ನಿಜ. ಎರಡೂ ಕಡೆ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಈ ಎರಡನ್ನೂ ಒಪ್ಪುವ ಪ್ರೋಗ್ರಾಂ ಯಾರು ಬರೆದರೂ ಹುಟ್ಟುವುದು ಸಾಧ್ಯವಿಲ್ಲ. "ಪ್ರೋಗ್ರಾಮಿಗೆ ನಿರ್ಧಾರ ಮಾಡಾಕ ಬಿಡಬಾರದು ಅಮೋಲ್," ಎಂದಳು. "ಹಿಂಗ ಬಂದ್ರ ಅದು ನಿಂದರಬೇಕು. ಪೇಶಂಟನ್ನ ಕೇಳು ಅಂತ ಪರದೆ ಮ್ಯಾಲೆ ಬರಬೇಕು. ಮನುಷ್ಯಾನ್ನ ಕೇಳಿದ್ರ ಅಂವ ಹೇಳ್ತಾನ, ನಾ ದೊಡ್ಡಾಂವ, ಅಂವ ಸಣ್ಣಾಂವ ಅಂತ."

"ಫಿರ್ ಹದಿನೇಳು ತೆಗೀಲಾ?"

ತೆಗಿ ಅನ್ನಲು ಬಾಯಿ ಬರಲಿಲ್ಲ. ಅಪ್ಪ ಒಬ್ಬನೇ ಅನ್ನುವುದೂ ಸತ್ಯವಲ್ಲವೇ? ಅದನ್ನು ಹೇಗೆ ಅಳಿಸುವುದು? "ಸ್ವಲ್ಪ ತಡಿ," ಎಂದಳು.

ಅಷ್ಟರಲ್ಲಿ ಐಸಿಯು ಬಾಗಿಲು ತೆರೆದು ಡಾಕ್ಟರೊಬ್ಬರು ಹೊರಗೆ ಬಂದರು. ಗದಿಗೆಪ್ಪ ಕಣ್ಣು ತೆರೆದಿದ್ದಾನೆ, ತಾನೇ ಉಸಿರಾಡುತ್ತಿದ್ದಾನೆ, ಅಪಾಯ ಕಳೆಯಿತು ಎಂದರು. ಹೆಂಡತಿಯನ್ನು ಎರಡು ನಿಮಿಷ ಒಳಗೆ ಬಿಟ್ಟರು. ದಾನವ್ವ ಹೋಗುವಾಗ ಚಪ್ಪಲಿಯ ಚೀಲವನ್ನು ಶೈಲಾಳ ಕೈಗೆ ಕೊಟ್ಟು, ಹಿಡಕೋರಿ ಅಕ್ಕಾರ ಎಂದಳು. ಶೈಲಾ ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಅಳು ಬಂತು. ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತಳು. ಉಳಿದ, ಅವನು ಉಳಿದ. ಇದಕ್ಕಿಂತ ದೊಡ್ಡದು ಇನ್ನೇನೂ ಇವತ್ತು ಆಗುವುದಿಲ್ಲ ಎಂದುಕೊಂಡಳು.

ಕಣ್ಣೊರೆಸಿಕೊಂಡು ಮತ್ತೆ ಪರದೆ ನೋಡಿದಾಗ ಹದಿನೇಳನೆಯ ಪರೀಕ್ಷೆಯ ಎರಡು ಸಾಲು ಎದುರಿಗಿದ್ದವು. ನಿಂಗಣ್ಣ ಕೋಟ್ಯಾಳ, ನಿಂಗಣ್ಣ ಕೋಟ್ಯಾಳ. ಎರಡು ಫೋನ್ ನಂಬರ್. ಎಂಟು ವರ್ಷದಿಂದ ಅವನ್ನು ನೋಡುತ್ತಿದ್ದಳು. ಮೊದಲನೆಯದು ಅಪ್ಪನದು, ಈಗಲೂ ಅದೇ ನಂಬರ್. ಎರಡನೆಯದು ಯಾರದು? ಅಪ್ಪ ಒಂದೇ ನಂಬರನ್ನು ನೆನಪಿಟ್ಟುಕೊಳ್ಳಲು ಒದ್ದಾಡುವವನು, ಎರಡನೆಯದನ್ನು ಎಲ್ಲಿಂದ ತಂದು ಕೊಟ್ಟ? ಎಂಟು ವರ್ಷದಲ್ಲಿ ಒಮ್ಮೆಯಾದರೂ ಈ ಪ್ರಶ್ನೆ ತನ್ನ ತಲೆಗೆ ಬಂದಿಲ್ಲವಲ್ಲ ಎಂದುಕೊಂಡಳು. ದಾನವ್ವನ ಮಾತು ಕಿವಿಯಲ್ಲಿ ಇನ್ನೂ ಇತ್ತು: ದೊಡ್ಡಾಂವ, ಸಣ್ಣಾಂವ. ಅವರ ಮನೆಯಲ್ಲೂ ಒಬ್ಬ ಸಣ್ಣ ನಿಂಗಣ್ಣ ಕಾಕಾ ಇದ್ದ. ಅಪ್ಪನ ಕಾಕಾನ ಮಗ, ಅಪ್ಪನ ಜೊತೆಗೇ ಶಾಲೆಗೆ ಸೇರಿದವನು. ಊರಿನ ಮನೆಯ ಗೋಡೆಯ ಜಗಳಕ್ಕೆ ಮಾತು ಬಿಟ್ಟಿದ್ದವನು. ತೀರಿಕೊಂಡು ಏಳೆಂಟು ವರ್ಷವಾಯಿತು.

ದಹಿಸರ್‌ನ ಮನೆಗೆ ಫೋನ್ ಹಚ್ಚಿದಳು. ಅಪ್ಪ ಈಗ ಅವಳ ಜೊತೆಗೇ ಇದ್ದ. ಮಧ್ಯಾಹ್ನದ ಟಿವಿಯ ಸದ್ದು ಹಿಂದೆ ಕೇಳುತ್ತಿತ್ತು.

"ಅಪ್ಪಾ, ಎಂಟು ವರ್ಷದ ಹಿಂದ ನಾವು ವಡಾಲದ ಆಸ್ಪತ್ರಿಗೆ ಬಂದಿದ್ವಲ್ಲ, ನಿನ್ನ ಮೊಣಕಾಲಿಗೆ. ಅದರ ಹಿಂದಿನ ವಾರ ನೀ ಇಲ್ಲಿಗೆ ಬಂದು ಎದಿ ತೋರಿಸಿದ್ದೀ?"

"ಇಲ್ಲವ್ವ. ನನ್ನ ಎದಿಗೆ ಏನಾಗಿತ್ತು?"

"ಹಂಗಾರ ಆ ಇನ್ನೊಂದು ಫೈಲು?"

"ಅದು ಸಣ್ ನಿಂಗಣ್ಣಂದು," ಅಂದ ಅಪ್ಪ, ಕೇಳಿದಳೆಂದು ಹೇಳಿದ ಹಾಗೆ, ಏನೂ ಆಗದವನಂತೆ. "ಅಂವ ಆ ವಾರ ಅಲ್ಲೇ ಬಂದು ತೋರಿಸಿಕೊಂಡು ಹೋಗಿದ್ದ ಅಂತ ಊರವರು ಹೇಳಿದ್ರು. ಮಾತು ಬಿಟ್ಟಿದ್ವಲ್ಲ, ನನ್ನ ಮನಿಗೆ ಬರಲಿಲ್ಲ. ಅವತ್ತ ಕೌಂಟರಿನ್ಯಾಗ ನಾ ಅದನ್ನss ಹೇಳಾಕ ಬಂದ್ನಿ. ನೀ ಸಿಟ್ಟಿನ್ಯಾಗ ಇದ್ದಿ. ಅಪ್ಪಾ, ನಿನಗ ತಿಳಿಯಂಗಿಲ್ಲ, ಸುಮ್ಮಕ ಕುಂಡ್ರು ಅಂದಿ. ಕುಂತೆ."

ಅದೇ ಮಾತನ್ನು ಒಂದು ಗಂಟೆಯ ಹಿಂದೆ ದಾನವ್ವನ ಬಾಯಿಂದ ಕೇಳಿ, ಆ ನರ್ಸಿನ ಮೇಲೆ ಶೈಲಾ ಮನಸ್ಸಿನಲ್ಲೇ ಹಲ್ಲು ಕಡಿದಿದ್ದಳು.

"ಕಾಕಾ ಆಮ್ಯಾಲೆ ಮತ್ತ ಇಲ್ಲಿಗೆ ಬಂದಿದ್ದನೇನಪ್ಪಾ?"

"ಬಂದಿದ್ದನಂತ. ಮರುವಾರ ಹೇಂತಿ ಸುಂದ್ರವ್ವನ್ನ ಕರಕೊಂಡು, ಹಾಸಿಗಿ ಕಟಗೊಂಡು, ಭರ್ತಿ ಆಗೂ ತಯಾರಿಲೆ ಬಂದಿದ್ದನಂತ. ಆಕಿನss ಮುಂದ ನನಗ ಹೇಳಿದ್ಲು. ಡಾಕ್ಟರು ಕಂಪ್ಯೂಟರ್ ನೋಡಿ, ಹೊಸಾ ರಿಪೋರ್ಟ್ ಎಲ್ಲಾ ಚಲೋ ಬಂದಾವ, ನಿನ್ನ ಹೃದಯ ಗಟ್ಟಿ ಐತಿ, ಊರಿಗೆ ಹೋಗು ಅಂದ್ರಂತ. ಖುಷಿಲೆ ಹೊಳ್ಳಿ ಹೋದ. ಎರಡು ತಿಂಗಳಿಗೆ ಹೊಲದಾಗ ಎದಿ ಹಿಡಕೊಂಡು ಕುಂತಂವ ಏಳಲಿಲ್ಲ. ಹಣೆಬರಹ."

ಹೊಸ ರಿಪೋರ್ಟು. ಅಪ್ಪನ ರಿಪೋರ್ಟು. ಅವಳೇ ಮುಂದೆ ನಿಂತು ತೆಗೆಸಿದ್ದು, ಅವಳೇ ಮುಂದೆ ನಿಂತು ಒಂದೇ ಫೈಲಿಗೆ ಹಾಕಿಸಿದ್ದು. ಮಷೀನು ತಪ್ಪು ತೋರಿಸಿರಲಿಲ್ಲ. ಎರಡು ಫೈಲುಗಳು ಎರಡಾಗಿಯೇ ಇದ್ದಿದ್ದರೆ ಸಾಕಿತ್ತು. ಪ್ರೋಗ್ರಾಂ ಒಬ್ಬನ ಫೈಲನ್ನು ಎರಡಾಗಿ ಒಡೆದಿದೆ ಎಂದು ಅವಳು ತಿಳಿದಿದ್ದಳು. ಅದು ಒಡೆದೇ ಇರಲಿಲ್ಲ. ಹದಿನೇಳನೆಯ ಪರೀಕ್ಷೆ ಬರೆದ ದಿನದಿಂದಲೇ ಸುಳ್ಳಾಗಿತ್ತು, ಪ್ರತಿ ದಿನ ಪಾಸಾಗುತ್ತ ಬಂದಿತ್ತು.

"ಶೈಲವ್ವಾ, ಅಂವನ ಆ ಹಳೇ ಕಾಗದದಾಗ ಏನಿತ್ತು?"

ಮನೆಗೆ ಬಂದು ಹೇಳುತ್ತೇನೆ ಎನ್ನಬಹುದಿತ್ತು. ಮತ್ತೆ ಒಮ್ಮೆ ಅಪ್ಪನನ್ನು ಸುಮ್ಮನೆ ಕೂಡಿಸಿದಂತಾಗುತ್ತದೆ ಎನ್ನಿಸಿತು. "ತಕ್ಷಣ ಭರ್ತಿ ಮಾಡ್ರಿ ಅಂತ ಇತ್ತಪ್ಪಾ. ನಾ ಅದನ್ನ ನಿಂದು ಅಂತ ತಿಳಕೊಂಡೆ. ನಿನ್ನ ಚಲೋ ರಿಪೋರ್ಟ್ ನೋಡಿ ಅವನ್ನ ಊರಿಗೆ ಕಳಿಸ್ಯಾರ."

ಆ ಕಡೆ ಟಿವಿಯ ಸದ್ದು ನಿಂತಿತು.

"ನೀ ಆಗ ಪೇಡೆ ತರಿಸಿದ್ದಿಯಲ್ಲ," ಎಂದ ಅಪ್ಪ. "ನಂದೂ ಚಲೋ, ಅಂವಂದೂ ಚಲೋ ಅಂತ ಕೇಳಿ, ಒಂದು ಡಬ್ಬಿ ಅಂವನ ಮನಿಗೂ ಕಳಿಸಿದ್ದೆನವ್ವ. ಈ ನೆವದಾಗರ ಕೂಡೂಣು ಅಂತ. ಅಂವ ಫೋನ್ ಮಾಡಿದ್ದ. ಆರು ವರ್ಷದ ಮ್ಯಾಲೆ ಅವತ್ತ ಮಾತಾಡಿದ್ವಿ."

ಕಾರಿಡಾರಿನ ಆ ತುದಿಯಲ್ಲಿ ದಾನವ್ವ ಹೊರಗೆ ಬಂದು ಚಪ್ಪಲಿಯ ಚೀಲಕ್ಕಾಗಿ ಅತ್ತಿತ್ತ ನೋಡುತ್ತಿದ್ದಳು. ಶೈಲಾ ಫೋನನ್ನು ಕಿವಿಗೆ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಹದಿನೇಳನೆಯ ಪರೀಕ್ಷೆಯ ಉತ್ತರವನ್ನು ಅಳಿಸಿದಳು. ಅಪ್ಪನ ಹೆಸರನ್ನೂ ಕಾಕಾನ ಹೆಸರನ್ನೂ ಹಾಗೆಯೇ ಬಿಟ್ಟಳು. ಕೇಳು, ಎಂದು ಬರೆದಳು.